ಕಾಸರಗೋಡಿನ ಸಣ್ಣ ಹೋಟೆಲಿನಲ್ಲಿ ದಿನನಿತ್ಯದ ಊಟ: ಏನನ್ನು ಕೇಳಬೇಕು, ಯಾವಾಗ ಹೋಗಬೇಕು?

ದಾವಣಗೆರೆಯಿಂದ ಬಂದವನು ಕೇಳಿದ್ದು:

ಮಾನ್ಯರೇ,

ನಾನು ಬ್ಯಾಂಕೊಂದರ ನೌಕರ. ವರ್ಗಾವಣೆಯಾಗಿ ಕಾಸರಗೋಡಿಗೆ ಬಂದು ಎರಡು ತಿಂಗಳಾಯಿತು. ಸಂಸಾರ ಊರಿನಲ್ಲಿಯೇ ಇದೆ. ಹಳೆ ಬಸ್ ನಿಲ್ದಾಣದ ಹತ್ತಿರ ಹಿಡಿದಿರುವ ಕೋಣೆಯಲ್ಲಿ ಒಲೆ ಹಚ್ಚಲು ಮನೆಯೊಡೆಯರ ಒಪ್ಪಿಗೆ ಇಲ್ಲದ ಕಾರಣ ಬೆಳಗಿನ ತಿಂಡಿಯಿಂದ ರಾತ್ರಿಯ ಊಟದವರೆಗೆ ಎಲ್ಲವೂ ಹೊರಗೇ ಆಗಬೇಕು. ದೊಡ್ಡ ಹೋಟೆಲುಗಳಿಗೆ ದಿನವೂ ಹೋಗುವಷ್ಟು ಜೇಬು ಗಟ್ಟಿಯಿಲ್ಲ. ಆದ್ದರಿಂದ ಆರೇಳು ಮೇಜುಗಳಿರುವ, ಗಲ್ಲಾಪೆಟ್ಟಿಗೆಯ ಪಕ್ಕದ ಗಾಜಿನ ಕಪಾಟಿನಲ್ಲಿ ವಡೆ, ಬನ್ಸ್ ಜೋಡಿಸಿಟ್ಟಿರುವ ಸಣ್ಣ ಹೋಟೆಲುಗಳನ್ನೇ ನಂಬಿಕೊಂಡಿದ್ದೇನೆ. ನಾನು ಸಸ್ಯಾಹಾರಿ.

ಬಂದ ಮೊದಲ ವಾರದಲ್ಲಿ ನಡೆದದ್ದನ್ನು ಹೇಳುತ್ತೇನೆ. ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆ. ಬಡಿಸುವವರು ಸ್ಟೀಲಿನ ಬಕೆಟ್ ಹಿಡಿದು ಸಾಲಾಗಿ ಬರುತ್ತಿದ್ದರು, ನಾನು ಮೊಬೈಲ್ ನೋಡುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ಅನ್ನದ ಮೇಲೆ ಕೆಂಪನೆಯ ಸಾರು ಬಿದ್ದಿತ್ತು. ಅದು ಮೀನಿನದೆಂದು ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯಿತು. ನಾನು ಗಾಬರಿಯಿಂದ ಕೈ ಎತ್ತಿದಾಗ ಅವರು ಬಹಳ ಸಮಾಧಾನದಿಂದ ‘ಮೀನ್ ಇಲ್ಲ, ಚಾರ್ ಮಾತ್ರಂ’ ಎಂದರು. ಮೀನಿಲ್ಲ, ಬರೀ ರಸ ಎಂಬುದು ಅವರ ಅಭಯ! ತಟ್ಟೆಯನ್ನು ಗೊಣಗದೆ ಬದಲಿಸಿಕೊಟ್ಟರೆಂಬುದನ್ನೂ ಹೇಳಬೇಕು.

ನನ್ನ ಉಳಿದ ತೊಂದರೆಗಳು ಇವು. ದಪ್ಪ ಅಕ್ಕಿಯ ಅನ್ನ ಉಂಡ ಮೇಲೆ ಮಧ್ಯಾಹ್ನವೆಲ್ಲ ಹೊಟ್ಟೆ ಭಾರವಾಗಿ, ಕೌಂಟರಿನಲ್ಲಿ ಕಣ್ಣು ಮುಚ್ಚಿಹೋಗುತ್ತದೆ. ನನಗೆ ಬಿಡುವಾಗುವುದು ಎರಡೂಮುಕ್ಕಾಲಕ್ಕೆ. ಆ ಹೊತ್ತಿಗೆ ಪಲ್ಯ ಮುಗಿದು ಸಾಂಬಾರು ನೀರಾಗಿರುತ್ತದೆ. ಕುಡಿಯಲು ಕೊಡುವ ಗುಲಾಬಿ ಬಣ್ಣದ ಬಿಸಿನೀರು ಏನೆಂಬುದೂ ಅರ್ಥವಾಗಿಲ್ಲ. ಇದಲ್ಲದೆ ಒಂದು ಕಡೆ ಚೀಟಿಯಲ್ಲಿ ಕೈಬರಹದಿಂದ ‘ಟ್ಯಾಕ್ಸ್ 5%’ ಎಂದು ಬರೆದು ಹಣ ಪಡೆದರು. ಇಲ್ಲಿನ ರೂಢಿ ತಿಳಿದವರು ದಾರಿ ತೋರಿಸಬೇಕೆಂದು ವಿನಂತಿ.

ಬದಿಯಡ್ಕದ ತೋಟದವನು ಉತ್ತರಿಸಿದ್ದು:

ನಿಮ್ಮ ತೊಂದರೆಗಳಲ್ಲಿ ಹೆಚ್ಚಿನವು ಹೋಟೆಲಿನವಲ್ಲ, ಗಂಟೆಯವು. ನಾನು ಅಡಿಕೆ ಮಾರಲು, ಕಚೇರಿ ಕೆಲಸಕ್ಕೆ ಎಂದು ಮೂವತ್ತು ವರ್ಷಗಳಿಂದ ವಾರಕ್ಕೊಮ್ಮೆಯಾದರೂ ಪೇಟೆಗೆ ಬಂದು ಇಂತಹ ಹೋಟೆಲುಗಳಲ್ಲಿಯೇ ಉಣ್ಣುತ್ತಿರುವವನು. ಸಣ್ಣ ಹೋಟೆಲಿನಲ್ಲಿ ಬೋರ್ಡಿನ ಮೇಲೆ ಏನು ಬರೆದಿದೆ ಎಂದು ನೋಡಬಾರದು, ಈಗ ಒಲೆಯಿಂದ ಏನು ಇಳಿಯಿತು ಎಂದು ಕೇಳಬೇಕು. ಬೋರ್ಡು ಬರೆಸಿದ್ದು ಹೋಟೆಲು ತೆರೆದ ವರ್ಷ. ಅಡುಗೆ ಮಾಡುವುದು ಆಯಾ ದಿನದ ಗಿರಾಕಿಗಳ ಅಂದಾಜಿನ ಮೇಲೆ.

ಬೆಳಗ್ಗೆ ಏಳೂವರೆಯಿಂದ ಒಂಬತ್ತರೊಳಗೆ ಹೋದರೆ ಇಡ್ಲಿ ಬಿಸಿಯಾಗಿರುತ್ತದೆ. ಮಲಯಾಳಿಗಳ ಹೋಟೆಲಾದರೆ ಪುಟ್ಟು (ಅಕ್ಕಿಹಿಟ್ಟನ್ನು ಹಬೆಯಲ್ಲಿ ಬೇಯಿಸಿದ್ದು) ಮತ್ತು ಕಡಲೆ ಗಸಿ, ನಮ್ಮ ಕಡೆಯವರದಾದರೆ ಬನ್ಸ್, ಸಜ್ಜಿಗೆ ಅವಲಕ್ಕಿ. (ಇಲ್ಲಿ ಸಜ್ಜಿಗೆ ಎಂದರೆ ನಿಮ್ಮ ಉಪ್ಪಿಟ್ಟು. ಸಿಹಿಯೆಂದು ಭಾವಿಸಿ ಕೇಳಿ ಮೋಸ ಹೋಗಬೇಡಿ.) ಬನ್ಸಿನ ಹಿಟ್ಟನ್ನು ಬಾಳೆಹಣ್ಣು, ಮೊಸರು, ಸಕ್ಕರೆ, ಜೀರಿಗೆ ಹಾಕಿ ಹಿಂದಿನ ರಾತ್ರಿಯೇ ಕಲಸಿಟ್ಟಿರುವುದರಿಂದ ಅದು ಬೆಳಗಿನ ತಿಂಡಿ, ಸಂಜೆ ಕಪಾಟಿನಲ್ಲಿ ಉಳಿದಿರುವುದು ರಬ್ಬರಿನಂತಾಗಿರುತ್ತದೆ. ಸಂಜೆ ಬೇಕಾದದ್ದು ಗೋಳಿಬಜೆ. ಮೂರೂವರೆಯಿಂದ ಐದರ ನಡುವೆ ಬಾಣಲೆಯ ಎದುರಿನ ಮೇಜಿನಲ್ಲಿ ಕುಳಿತು ನೋಡಿ. ಹುಳಿ ಮೊಸರಿನಲ್ಲಿ ಕಲಸಿದ ಮೈದಾ ಹಿಟ್ಟನ್ನು ಬೆರಳ ತುದಿಯಿಂದ ಒತ್ತಿ ಎಣ್ಣೆಗೆ ಬಿಟ್ಟೊಡನೆ ಉಂಡೆ ತಾನಾಗಿ ಒಮ್ಮೆ ಮಗುಚಿಕೊಂಡು ಮೇಲೆ ತೇಲುತ್ತದೆ, ಜಾಲರಿ ಸೌಟಿನಲ್ಲಿ ಎತ್ತಿ ತಟ್ಟೆಗೆ ಹಾಕಿದಾಗ ಒಳಗಿನ ಕಾಯಿಚೂರು ಇನ್ನೂ ಸುಡುತ್ತಿರುತ್ತದೆ. ಹತ್ತು ನಿಮಿಷ ತಡವಾದರೆ ಅದು ಬೇರೆಯೇ ತಿಂಡಿ.

ಇನ್ನು ಅನ್ನದ ವಿಷಯ. ಇಲ್ಲಿ ಎರಡು ಅನ್ನಗಳಿವೆ: ಕುಚ್ಚಲು ಮತ್ತು ಬೆಳ್ತಿಗೆ. ಭತ್ತವನ್ನು ನೆನೆಸಿ, ಸಿಪ್ಪೆಯಿರುವಾಗಲೇ ಬೇಯಿಸಿ, ಒಣಗಿಸಿ ಅನಂತರ ಅಕ್ಕಿ ಮಾಡಿದರೆ ಕುಚ್ಚಲು. ಹಾಗೆ ಬೇಯಿಸದೆ ಮಾಡಿದ್ದು ಬೆಳ್ತಿಗೆ, ನೀವು ಊರಿನಲ್ಲಿ ಉಣ್ಣುವುದು ಅದನ್ನೇ. ಭತ್ತವಾಗಿರುವಾಗಲೇ ಬೆಂದ ಕಾರಣ ತೌಡಿನಲ್ಲಿರುವ ‘ಬಿ’ ಜೀವಸತ್ವದ ಒಂದಂಶ ಕಾಳಿನೊಳಗೆ ಇಳಿಯುತ್ತದೆ, ಆದ್ದರಿಂದ ಕುಚ್ಚಲನ್ನು ಕೀಳೆಂದು ತಿಳಿಯಬೇಡಿ. ನಿಮ್ಮ ಹೊಟ್ಟೆ ಭಾರವಾಗುವುದಕ್ಕೆ ಕಾರಣ, ಬೆಳ್ತಿಗೆಯ ಅಭ್ಯಾಸದಲ್ಲಿ ಅಷ್ಟೇ ರಾಶಿ ಹಾಕಿಸಿಕೊಂಡು ಅಷ್ಟೇ ಬೇಗ ನುಂಗುವುದಿರಬೇಕು. ದಪ್ಪ ಕಾಳನ್ನು ಅಗಿಯಬೇಕು. ಒಂದು ವಾರ ಅರ್ಧದಷ್ಟೇ ಹಾಕಿಸಿಕೊಂಡು ನೋಡಿ. ಆಗದಿದ್ದರೆ ಕುಳಿತೊಡನೆ ‘ಬೆಳ್ತಿಗೆ’ ಎನ್ನಿ. ಮಲಯಾಳ ಮಾತ್ರ ಬಲ್ಲವರಾದರೆ ‘ಪಚ್ಚರಿ’ ಎಂದರೆ ಸಾಕು.

ಮೀನಿನ ಚಾರು ನಿಮಗೆ ಬಿದ್ದದ್ದು ಕ್ರಮದ ವ್ಯತ್ಯಾಸದಿಂದ. ನಮ್ಮ ಕಡೆಯ ಊಟದಲ್ಲಿ ಸಾರು ಮೊದಲು, ಸಾಂಬಾರು ಆಮೇಲೆ, ಕೊನೆಗೆ ಮಜ್ಜಿಗೆ. ಮಲಬಾರಿನ ಹೋಟೆಲುಗಳಲ್ಲಿ ಸಾಂಬಾರು ಮೊದಲು, ರಸಂ ಆಮೇಲೆ, ಮತ್ತು ಮೀನಿನ ಚಾರು ಸಾಂಬಾರಿನ ಹಾಗೆಯೇ ಊಟದ ದರದೊಳಗೆ ಬರುವ ಪದಾರ್ಥ. ಹುರಿದ ಮೀನಿಗೆ ಮಾತ್ರ ಬೇರೆ ಹಣ. ಬಡಿಸುವವರ ದೃಷ್ಟಿಯಲ್ಲಿ ಅದು ಉಪಚಾರ. ‘ಮೀನ್ ವೇಂಡ’ (ಮೀನು ಬೇಡ) ಎಂದು ಮೊದಲೇ ಹೇಳಿಬಿಡಿ. ಎಲ್ಲಕ್ಕಿಂತ ಒಳ್ಳೆಯದು, ಹೊರಗೆ ಸಸ್ಯಾಹಾರಿ ಎಂದು ಬೋರ್ಡು ಇರುವಲ್ಲಿಗೇ ಹೋಗುವುದು.

ಒಲೆಯ ಮುಂದಿನವಳು ಉತ್ತರಿಸಿದ್ದು:

ನಾನೂ ನನ್ನ ಯಜಮಾನರೂ ಮುಳ್ಳೇರಿಯದ ಕಡೆ ಹನ್ನೊಂದು ವರ್ಷ ಸಣ್ಣ ಹೋಟೆಲು ನಡೆಸಿ ಈಗ ಬಿಟ್ಟಿದ್ದೇವೆ. ತೋಟದ ಅಣ್ಣ ಹೇಳಿದ್ದು ಬಹುಪಾಲು ಸರಿ, ಆದರೆ ಬಡಿಸಿಕೊಳ್ಳುವವರ ಕಡೆಯಿಂದ ಹೇಳಿದ್ದಾರೆ. ಅಡುಗೆಮನೆಯ ಕಡೆಯಿಂದ ಒಂದೆರಡು ಮಾತುಗಳು.

ಎರಡೂಮುಕ್ಕಾಲಕ್ಕೆ ಸಾಂಬಾರು ನೀರಾಗಿತ್ತು ಎಂದಿರಿ. ಅದು ನಿಜ, ನಾವೂ ನೀರು ಹಾಕಿದ್ದೇವೆ. ಅರುವತ್ತು ಊಟದ ಲೆಕ್ಕದಲ್ಲಿ ಬೇಯಿಸಿದ ದಿನ ಎಪ್ಪತ್ತನೆಯವರು ಬಂದರೆ ಇಲ್ಲವೆಂದು ಕಳುಹಿಸಲು ಮನಸ್ಸಾಗುವುದಿಲ್ಲ. ಹೊಸದಾಗಿ ಒಗ್ಗರಣೆ ಹಾಕಿ, ಕುದಿಯುವ ನೀರು ಸೇರಿಸಿ, ಉಪ್ಪು ಹುಳಿ ಸರಿಮಾಡುತ್ತೇವೆ. ಹಾಗಾದರೆ ಹೆಚ್ಚು ಬೇಯಿಸಬಾರದೇ ಎಂದು ಕೇಳಬಹುದು. ಹತ್ತೊಂಬತ್ತು ಕಿಲೋ ತೂಗುವ ವಾಣಿಜ್ಯ ಸಿಲಿಂಡರು ಎಷ್ಟು ದಿನ ಬಂತು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಬದುಕುವ ಕಸುಬು ಇದು. ಕುಚ್ಚಲಕ್ಕಿ ಬೇಯಲು ಹೆಚ್ಚು ಹೊತ್ತು ಬೇಕಾಗುವುದರಿಂದ ಅದನ್ನು ನಾವು ಹಿತ್ತಿಲಿನ ಸೌದೆ ಒಲೆಯಲ್ಲಿ ಗೆರಟೆ (ತೆಂಗಿನ ಚಿಪ್ಪು) ಉರಿಸಿ ಬೇಯಿಸುತ್ತಿದ್ದೆವು. ಬಸಿದ ತಿಳಿಯನ್ನು ಚೆಲ್ಲುತ್ತಿರಲಿಲ್ಲ. ಕೇಳಿದವರಿಗೆ ಉಪ್ಪು ಹಾಕಿ ಲೋಟದಲ್ಲಿ ಕೊಡುತ್ತಿದ್ದೆವು, ದುಡ್ಡಿಲ್ಲ. ನೀವೂ ಕೇಳಿ ನೋಡಿ.

ತಡವಾಗಿ ಬರುವವರಿಗೆ ಒಂದು ಉಪಾಯವಿದೆ. ಒಂದೇ ಹೋಟೆಲನ್ನು ಹಿಡಿಯಿರಿ, ಬೆಳಗ್ಗೆ ತಿಂಡಿಗೆ ಹೋದಾಗ ‘ಮಧ್ಯಾಹ್ನ ಎರಡೂಮುಕ್ಕಾಲಕ್ಕೆ ಬರುತ್ತೇನೆ, ಬೆಳ್ತಿಗೆ ಊಟ ಒಂದು ಎತ್ತಿಡಿ’ ಎಂದು ಹೇಳಿ. ಹೇಳಿದ ಮೇಲೆ ಬರಬೇಕು, ಬರಲಾಗದ ದಿನ ಫೋನ್ ಮಾಡಬೇಕು. ನಮ್ಮಲ್ಲಿ ಹಾಗೆ ಹೇಳಿಟ್ಟ ಶಾಲೆಯ ಮೇಷ್ಟ್ರೊಬ್ಬರಿದ್ದರು. ಅವರ ಪಲ್ಯವನ್ನು ಒಂದು ಮುಚ್ಚಳದ ಬಟ್ಟಲಿಗೆ ತೆಗೆದಿಟ್ಟ ಮೇಲೆಯೇ ನಾನು ಉಳಿದವರಿಗೆ ಎರಡನೆಯ ಸಲ ಬಡಿಸಲು ಕಳುಹಿಸುತ್ತಿದ್ದದ್ದು.

ಬೋರ್ಡಿನ ವಿಷಯದಲ್ಲಿ ಮಾತ್ರ ಅಣ್ಣನ ಮಾತನ್ನು ನಾನು ಒಪ್ಪುವುದಿಲ್ಲ. ಸಸ್ಯಾಹಾರಿ ಬೋರ್ಡಿನೊಳಗೆ ಬೆಳಗಿನ ಚಟ್ನಿಯನ್ನು ಸಂಜೆಗೆ ಬಡಿಸುವವರೂ ಇದ್ದಾರೆ, ಮೀನು ಬೇಯಿಸುವ ಮನೆಯಲ್ಲಿ ಸೌಟು, ಬಕೆಟ್ಟು, ಒಲೆ ಎಲ್ಲವನ್ನೂ ಬೇರೆ ಇಟ್ಟುಕೊಂಡವರೂ ಇದ್ದಾರೆ. ಕೈತೊಳೆಯುವ ಜಾಗ, ನೆಲ ಒರೆಸುವ ಬಟ್ಟೆ, ಮತ್ತು ಮಾಲೀಕರು ತಾವೇ ಅಲ್ಲಿ ಉಣ್ಣುತ್ತಾರೆಯೇ ಎಂಬುದನ್ನು ನೋಡಿ. ಆಹಾರ ಸುರಕ್ಷತೆಯ ಹದಿನಾಲ್ಕು ಅಂಕಿಯ ನೋಂದಣಿ ಪತ್ರವನ್ನು ಕಾಣುವಂತೆ ತೂಗುಹಾಕಿರಬೇಕು. 2022ರ ಮೇ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡ ಮೇಲೆ ತಪಾಸಣೆ ಬಿಗಿಯಾಯಿತು. ಮರುವರ್ಷ ಹಸಿ ಮೊಟ್ಟೆಯ ಮಯೊನೈಸನ್ನು ಕೇರಳ ಸರಕಾರ ನಿಷೇಧಿಸಿತು. ಇವು ನಿಮ್ಮ ಊಟಕ್ಕೆ ನೇರವಾಗಿ ಸಂಬಂಧಿಸಿದವಲ್ಲ, ಆದರೆ ಮಳೆಗಾಲದಲ್ಲಿ ತೆಂಗಿನಕಾಯಿ ಚಟ್ನಿಗೂ ಅದೇ ಎಚ್ಚರ ಬೇಕು.

ಗುಲಾಬಿ ನೀರು ಪದಿಮುಗಂ ಎಂಬ ಮರದ ಚಕ್ಕೆ ಹಾಕಿ ಕುದಿಸಿದ್ದು. ಕನ್ನಡದಲ್ಲಿ ಸಪ್ಪಂಗ ಎನ್ನುತ್ತಾರೆ. ಕುಡಿಯಲು ಹಿತವಾಗಿರುತ್ತದೆ. ಆದರೆ ಬಣ್ಣ ಇದ್ದ ಮಾತ್ರಕ್ಕೆ ನೀರು ಕುದಿದಿದೆ ಎಂದು ನಂಬಬೇಡಿ. ಗಾಢವಾಗಿ ಕುದಿಸಿಟ್ಟು, ನೂಕುನುಗ್ಗಲಿನಲ್ಲಿ ನಲ್ಲಿಯ ನೀರು ಬೆರೆಸಿದರೂ ಗುಲಾಬಿಯೇ. ಲೋಟ ಮುಟ್ಟಿದಾಗ ಬಿಸಿಯಿಲ್ಲದಿದ್ದರೆ ಬೇರೆ ಕೇಳಿ. ಇನ್ನೊಂದು: ರಂಜಾನ್ ತಿಂಗಳಲ್ಲಿ ಇಲ್ಲಿನ ಎಷ್ಟೋ ಹೋಟೆಲುಗಳು ಹಗಲು ಮುಚ್ಚಿದ್ದು ಸಂಜೆಯ ಮೇಲೆ ತೆರೆಯುತ್ತವೆ. ಹರತಾಳದ ದಿನವಂತೂ ಯಾವುದೂ ಇಲ್ಲ. ಕೋಣೆಯಲ್ಲಿ ಅವಲಕ್ಕಿ ಇಟ್ಟುಕೊಂಡಿರಿ.

ಲೆಕ್ಕದ ಪುಸ್ತಕ ಉತ್ತರಿಸಿದ್ದು:

ತೆರಿಗೆಯ ಚೀಟಿಯ ಬಗ್ಗೆ ಯಾರೂ ಹೇಳಲಿಲ್ಲ. ಸಣ್ಣ ಹೋಟೆಲುಗಳಿಗೆ ಜಿಎಸ್‌ಟಿ ದರ ಶೇಕಡಾ 5 ಎಂಬುದು ಸರಿ, ಆದರೆ ಅದನ್ನು ಗಿರಾಕಿಯಿಂದ ವಸೂಲು ಮಾಡಬೇಕಾದರೆ ಹೋಟೆಲು ನೋಂದಾಯಿತವಾಗಿರಬೇಕು ಮತ್ತು ಬಿಲ್ಲಿನಲ್ಲಿ ಹದಿನೈದು ಅಕ್ಷರ-ಅಂಕಿಗಳ ಜಿಎಸ್‌ಟಿ ಸಂಖ್ಯೆ ಇರಬೇಕು. ಸಣ್ಣ ವ್ಯಾಪಾರಿಗಳಿಗಾಗಿ ಇರುವ ಕಾಂಪೊಸಿಷನ್ ಎಂಬ ಸರಳ ತೆರಿಗೆ ಪದ್ಧತಿಯನ್ನು ಆರಿಸಿಕೊಂಡ ಹೋಟೆಲು ತನ್ನ ವಹಿವಾಟಿನ ಮೇಲೆ ತಾನೇ ತೆರಿಗೆ ಕಟ್ಟಬೇಕು. ಗಿರಾಕಿಯ ಬಿಲ್ಲಿಗೆ ತೆರಿಗೆಯೆಂದು ಒಂದು ಪೈಸೆಯನ್ನೂ ಸೇರಿಸುವಂತಿಲ್ಲ. ಕೈಬರಹದ ಚೀಟಿಯಲ್ಲಿ ಸಂಖ್ಯೆ ಇಲ್ಲದಿದ್ದರೆ ಮುದ್ರಿತ ಬಿಲ್ಲು ಕೇಳಿ. ಹೆಚ್ಚಿನ ಸಂದರ್ಭಗಳಲ್ಲಿ ಕೇಳಿದೊಡನೆ ಆ ಐದು ಶೇಕಡಾ ಮಾಯವಾಗುತ್ತದೆ. ಆಗದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ.

ಕುಂಬಳೆಯ ಓದುಗ ಉತ್ತರಿಸಿದ್ದು:

ಕುಟುಂಬಶ್ರೀ ಎಂಬ ಕೇರಳದ ಮಹಿಳಾ ಸ್ವಸಹಾಯ ಸಂಘಗಳವರು ಕಡಿಮೆ ದರದಲ್ಲಿ ಊಟ ಕೊಡುವ ಜನಕೀಯ ಹೋಟೆಲು ಹತ್ತಿರವಿದ್ದರೆ ಮಧ್ಯಾಹ್ನಕ್ಕೆ ಅಲ್ಲಿಗೂ ಹೋಗಬಹುದು. 2020ರಲ್ಲಿ ಆರಂಭವಾದಾಗ ಊಟಕ್ಕೆ 20 ರೂಪಾಯಿ ಇತ್ತು. 2023ರಲ್ಲಿ ಸರಕಾರದ 10 ರೂಪಾಯಿಯ ಸಹಾಯಧನ ನಿಂತ ಮೇಲೆ 30 ಆಯಿತು. ಆದರೆ ಅಲ್ಲಿ ಎರಡೂಮುಕ್ಕಾಲಕ್ಕೆ ಹೋದರೆ ಪಾತ್ರೆ ತೊಳೆಯುವುದನ್ನು ನೋಡಿಕೊಂಡು ಬರಬೇಕಾದೀತು.

ದಾವಣಗೆರೆಯಿಂದ ಬಂದವನು ಮತ್ತೆ ಬರೆದದ್ದು:

ಎಲ್ಲರಿಗೂ ಕೃತಜ್ಞತೆಗಳು. ಅಕ್ಕನವರ ಮಾತಿನಂತೆ ಒಂದೇ ಹೋಟೆಲನ್ನು ಹಿಡಿದು ಮೂರು ವಾರಗಳಾದವು. ಮೊದಲ ದಿನ ಬಹಳ ಅಭ್ಯಾಸ ಮಾಡಿಕೊಂಡು ಹೋಗಿ ‘ಪಚ್ಚರಿ ಮದಿ, ಮೀನ್ ವೇಂಡ’ ಎಂದೆ. ಬಡಿಸುವವರು ನಕ್ಕು, ತಮ್ಮ ಮನೆ ಎಡನೀರಿನಲ್ಲಿ, ಕನ್ನಡದಲ್ಲಿಯೇ ಹೇಳಬಹುದಿತ್ತು ಎಂದರು. ಈಗ ಎರಡೂಮುಕ್ಕಾಲಕ್ಕೆ ನನ್ನ ಪಾಲಿನ ಪಲ್ಯ ಇರುತ್ತದೆ. ವಾರದಲ್ಲಿ ಎರಡು ದಿನ ಕುಚ್ಚಲನ್ನೂ ಅರ್ಧ ಹಾಕಿಸಿಕೊಳ್ಳುತ್ತಿದ್ದೇನೆ. ಉಪ್ಪು ಹಾಕಿದ ತಿಳಿ ನಿಜಕ್ಕೂ ಚೆನ್ನಾಗಿದೆ. ಚೀಟಿಯ ಹೋಟೆಲಿಗೆ ಮತ್ತೆ ಹೋಗಿಲ್ಲವಾದ್ದರಿಂದ ಮುದ್ರಿತ ಬಿಲ್ಲು ಕೇಳುವ ಧೈರ್ಯ ಪರೀಕ್ಷೆಗೆ ಬಂದಿಲ್ಲ.

ಒಂದು ಸಂದೇಹ ಉಳಿದಿದೆ. ಭಾನುವಾರ ರಾತ್ರಿ ಈ ಹೋಟೆಲು ಮುಚ್ಚಿರುತ್ತದೆ. ತೆರೆದಿರುವುದು ಪರೋಟದ ಅಂಗಡಿಗಳು ಮಾತ್ರ. ಅಲ್ಲಿ ನನಗೇನು ಸಿಕ್ಕೀತು?

ಬದಿಯಡ್ಕದ ತೋಟದವನು ಉತ್ತರಿಸಿದ್ದು:

ಪರೋಟಕ್ಕೆ ಕೋಳಿಯ ಗ್ರೇವಿಯನ್ನು ಉಚಿತವಾಗಿ ಸುರಿಯುವ ಉಪಚಾರ ಅಲ್ಲಿಯೂ ಉಂಟು, ಆದ್ದರಿಂದ ತಟ್ಟೆ ಮೇಜಿಗೆ ಬರುವ ಮೊದಲೇ ಕಡಲೆ ಅಥವಾ ಬಟಾಣಿ ಕರಿ ಬೇರೆ ಬಟ್ಟಲಿನಲ್ಲಿ ಕೊಡಿ ಎಂದು ಹೇಳಿ. ಕಡಲೆ ಬೆಳಗಿನದೋ ಎಂದು ಕೇಳುವುದನ್ನು ಮರೆಯಬೇಡಿ. ಬೆಳಗಿನದಾದರೆ ಎರಡು ನೇಂದ್ರ ಬಾಳೆಹಣ್ಣು, ಒಂದು ಚಹಾ. ಸೋಮವಾರ ಏಳೂವರೆಗೆ ಇಡ್ಲಿ ಹೇಗೂ ಇದೆ.