ತರಬೇತಿ ಅರ್ಧಕ್ಕೇ ಬಿಟ್ಟು ಹೋಗುವ ಹುಡುಗರು: ತಪ್ಪು ಅವರದಾ, ತರಬೇತಿಯದಾ?

ಹೊಸಬೆಳಕು: ಬೀದಿಯಲ್ಲಿ ಬೆಳೆದ ಮಕ್ಕಳಿಗೆ ಕಸುಬು ಕಲಿಸೋ ಕೇಂದ್ರವೊಂದರಲ್ಲಿ ಕೆಲಸ ಮಾಡ್ತೀನಿ. ಸೇರಿದವರಲ್ಲಿ ಎಷ್ಟೋ ಜನ ಎರಡನೇ ತಿಂಗಳಿಗೇ ನಾಪತ್ತೆ. ‘ಅಲೆದ ಕಾಲು ಒಂದು ಕಡೆ ನಿಲ್ಲಲ್ಲ, ಶಿಸ್ತಿಲ್ಲ’ ಅಂತಾರೆ ಸಹೋದ್ಯೋಗಿಗಳು. ನಿಮಗೇನನ್ನಿಸುತ್ತೆ?

ವೆಲ್ಡಿಂಗ್ ಮೇಷ್ಟ್ರು: ಚಿಂದಿ ಆಯೋ ಹುಡುಗ ನಸುಕಿಗೇ ಏಳ್ತಾನೆ. ತಾಮ್ರ ಬೇರೆ, ಕಬ್ಬಿಣ ಬೇರೆ, ಪ್ಲಾಸ್ಟಿಕ್ ಬೇರೆ ಮಾಡಿ, ತೂಕದಲ್ಲಿ ಮೋಸಹೋಗದ ಹಾಗೆ ಮಾರಿ ಬರ್ತಾನೆ. ಅದಕ್ಕಿಂತ ಶಿಸ್ತು ಬೇಕಾ? ಅವನಿಗೆ ಸಂಜೆಯೊಳಗೆ ದುಡ್ಡು ಕೈಗೆ ಬಂದು ಅಭ್ಯಾಸ. ನಾವು ‘ಆರು ತಿಂಗಳು ಕಲಿ, ಆಮೇಲೆ ಸಂಬಳ’ ಅಂತೀವಿ. ಅಲ್ಲಿವರೆಗೆ ತಮ್ಮ ತಂಗಿಯರನ್ನ ಸಾಕೋದು ಯಾರು? ವಾರವಾರ ಭತ್ಯೆ ಕೊಡಿ, ಆಮೇಲೆ ಶಿಸ್ತಿನ ಮಾತಾಡೋಣ.

ಲೆಕ್ಕಿಗ: ಮೇಷ್ಟ್ರೇ, ಕೈಗೆ ದುಡ್ಡು ಕೊಟ್ರೆ ನೇರ ಸೊಲ್ಯೂಷನ್ ಟ್ಯೂಬಿಗೆ (ನಶೆಗೆ ಮೂಸೋ ಪಂಕ್ಚರ್ ಅಂಟು) ಹೋಗುತ್ತೆ. ಊಟ, ಬಟ್ಟೆ, ಹಾಸಿಗೆ ಕೊಟ್ಟರೆ ಸಾಲದಾ?

ಸಮಾಲೋಚಕಿ: ಸೊಲ್ಯೂಷನ್ ಮೂಸೋದು ಮೋಜಿಗೆ ಮಾತ್ರ ಅಂದ್ಕೊಂಡಿದ್ದೀರಾ? ಹಸಿವು, ಚಳಿ, ಹೆದರಿಕೆ ಮೂರನ್ನೂ ಅದು ಮರೆಸುತ್ತೆ. ಅದರಲ್ಲಿರೋ ಟೊಲ್ಯುಯೀನ್ ಮೆದುಳು, ನರಗಳನ್ನೇ ಕೆಡಿಸೋ ದ್ರಾವಕ. ಕೈ ನಡುಗೋ ಹುಡುಗನನ್ನ ಲೇತ್ ಯಂತ್ರದ ಮುಂದೆ ನಿಲ್ಲಿಸೋದು ಅಪಾಯ. ಮೊದಲು ಚಿಕಿತ್ಸೆ, ಹೊಟ್ಟೆತುಂಬ ಊಟ, ಹೆದರದೆ ಮಲಗೋಕೆ ಜಾಗ. ಇದಕ್ಕೇ ತಿಂಗಳುಗಳು ಬೇಕು. ಸೇರಿದ ದಿನದಿಂದಲೇ ‘ಕೋರ್ಸ್’ ಎಣಿಸಿದ್ರೆ ಹುಡುಗ ಓಡಿಹೋಗದೆ ಏನು ಮಾಡ್ತಾನೆ?

ಕಾನೂನು ಓದಿದವ: ವಯಸ್ಸಿನ ವಿಚಾರ ಯಾರೂ ಎತ್ತಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1973ರ 138ನೇ ಒಡಂಬಡಿಕೆ ಪ್ರಕಾರ ದುಡಿಮೆಗೆ ಕನಿಷ್ಠ ವಯಸ್ಸು ಸಾಮಾನ್ಯವಾಗಿ 15, ಅಪಾಯದ ಕೆಲಸಕ್ಕೆ 18. ತರಬೇತಿ ಶಾಲೆಯೊಳಗಿನ ಕಲಿಕೆಗೆ ಅದರಲ್ಲಿ ವಿನಾಯಿತಿ ಇದೆ, ಆದರೆ ‘ತರಬೇತಿ’ ಅಂತ ಬೋರ್ಡ್ ಹಾಕಿ ಹನ್ನೆರಡರ ಹುಡುಗನಿಂದ ಆರ್ಡರ್ ಮುಗಿಸಿಕೊಳ್ಳೋಕೆ ಅಲ್ಲ. 1999ರ 182ನೇ ಒಡಂಬಡಿಕೆ ಅತಿ ಕೆಟ್ಟ ದುಡಿಮೆಯಿಂದ ಬಿಡಿಸಿದ ಮಕ್ಕಳಿಗೆ ಉಚಿತ ಮೂಲ ಶಿಕ್ಷಣ ಸಿಗಲೇಬೇಕು ಅನ್ನುತ್ತೆ. ವೃತ್ತಿ ತರಬೇತಿ ಅದರ ಜೊತೆಗೆ, ಸಾಧ್ಯವಿದ್ದು ಸೂಕ್ತವಾದ ಕಡೆ. ಚಿಕ್ಕವರನ್ನ ಶಾಲೆಗೆ ಕಳಿಸಿ ಸ್ವಾಮಿ, ಸ್ಪ್ಯಾನರ್ ಕೊಡಬೇಡಿ.

ಸೂಜಿದಾರ: ಹೆಣ್ಣುಮಕ್ಕಳ ಕಥೆ ಕೇಳಿ. ಎಲ್ಲಿ ಹೋದ್ರೂ ಹೊಲಿಗೆ, ಇಲ್ಲಾಂದ್ರೆ ಬ್ಯೂಟಿಪಾರ್ಲರ್. ನಾನೂ ಹೊಲಿಗೆ ಕಲಿಸೋಳೇ, ಆ ಕಸುಬಿನ ಮೇಲೆ ನನಗೇನೂ ಕೋಪ ಇಲ್ಲ. ಆದ್ರೆ ಒಂದೇ ಬೀದಿಗೆ ಇಪ್ಪತ್ತು ಟೈಲರ್‌ಗಳಾದ್ರೆ ಬಟ್ಟೆ ತರೋರು ಯಾರು? ನಾಲ್ಕು ಮೆಷಿನ್, ಒಬ್ಬ ಟೀಚರ್ ಇದ್ರೆ ಕೇಂದ್ರ ನಡೆಯುತ್ತೆ ಅಂತ ಹೊಲಿಗೆ ಆರಿಸ್ತಾರೆ. ಹುಡುಗಿಯರನ್ನ ಕೇಳಿ ನೋಡಿ: ಮೊಬೈಲ್ ರಿಪೇರಿ, ವೈರಿಂಗ್, ಡ್ರೈವಿಂಗ್ ಅಂತಾರೆ.

ಹಳೇ ಹುಡುಗ: ನಾನು ಬೀದಿಯಲ್ಲಿ ಬೆಳೆದವನೇ, ಈಗ ಎಲೆಕ್ಟ್ರಿಷಿಯನ್. ಕಲಿಯೋದೇನೂ ಕಷ್ಟ ಇರಲಿಲ್ಲ, ಕಷ್ಟ ಆಮೇಲೆ. ಅಂಗಡಿಯಲ್ಲಿ ಏನಾದ್ರೂ ಕಾಣೆಯಾದ್ರೆ ಮೊದಲು ನನ್ನ ಚೀಲ ತಡಕೋರು. ಯಾಕಂದ್ರೆ ಸರ್ಟಿಫಿಕೇಟಿನ ಮೇಲೇ ಬರೆದಿತ್ತು, ಬೀದಿ ಮಕ್ಕಳ ಕೇಂದ್ರ ಅಂತ. ದಯವಿಟ್ಟು ಅದನ್ನ ತೆಗೀರಿ. ಜನನ ಪ್ರಮಾಣಪತ್ರ, ಬ್ಯಾಂಕ್ ಖಾತೆ ತರಬೇತಿ ಮುಗಿಯೋದ್ರೊಳಗೆ ಮಾಡಿಸಿ. ಕೆಲಸಕ್ಕೆ ಸೇರಿಸಿದ ಮೇಲೆ ವಾರಕ್ಕೊಮ್ಮೆಯಾದ್ರೂ ಯಾರಾದ್ರೂ ಬಂದು ಮಾಲೀಕನ ಜೊತೆ ಮಾತಾಡಲಿ. ಜಗಳವಾದ ದಿನ ಹೋಗೋಕೆ ಗೊತ್ತಿರೋ ಜಾಗ ಅಂದ್ರೆ ಹಳೇ ಗ್ಯಾಂಗ್ ಒಂದೇ.

ಲೆಕ್ಕಿಗ: ಕೆಲಸಕ್ಕೆ ಸೇರಿದ ಹುಡುಗರನ್ನ ಅಷ್ಟು ದಿನ ವಿಚಾರಿಸ್ತಾ ಇರೋಕೆ ದಾನಿಗಳು ಹಣ ಕೊಡಲ್ಲ ಅಣ್ಣ. ಅವರು ಕೇಳೋದು ಎಷ್ಟು ಸರ್ಟಿಫಿಕೇಟ್ ಹಂಚಿದ್ರಿ ಅಂತ.

ವೆಲ್ಡಿಂಗ್ ಮೇಷ್ಟ್ರು: ವರದಿ ಬರೆಯೋರು ನೀವೇ ತಾನೇ? ‘ವರ್ಷದ ಮೇಲೂ ಕೆಲಸದಲ್ಲಿರೋರು’ ಅಂತ ಒಂದು ಕಾಲಂ ಸೇರಿಸಿ. ಸಂಖ್ಯೆ ಚಿಕ್ಕದಾಗುತ್ತೆ, ಆಗಲಿ.

ಹೊಸಬೆಳಕು: ಭತ್ಯೆ ಕೈಗೆ ಕೊಡೋದಾ, ಖಾತೆಗೆ ಹಾಕೋದಾ?

ಹಳೇ ಹುಡುಗ: ಸ್ವಲ್ಪ ಕೈಗೆ, ಮಿಕ್ಕಿದ್ದು ಖಾತೆಗೆ. ಎಷ್ಟೆಷ್ಟು ಅಂತ ಹುಡುಗನನ್ನೇ ಕೇಳಿ. ದುಡ್ಡು ಎಣಿಸೋದು ಅವನಿಗೆ ನೀವು ಕಲಿಸಬೇಕಾಗಿಲ್ಲ.