ಸೋಲೋ ಆಯ್ತು, ಆದರೆ ಫೈನಲ್‌ನಲ್ಲಿ ವೇಗ ನಿಲ್ಲಲ್ಲ: ಗ್ಲೈಡರ್ ಅಭ್ಯಾಸ ಹೇಗೆ?

ಹೇಮಾವತಿ_ದಡ (ಹಾಸನ):
ಪುಣೆಯಲ್ಲಿ ಗ್ಲೈಡರ್ (ಎಂಜಿನ್ ಇಲ್ಲದ ವಿಮಾನ) ಕಲೀತಿದ್ದೀನಿ, ಸೋಲೋ, ಅಂದ್ರೆ ಒಬ್ಬನೇ ಹಾರೋದು, ಆಗಿದೆ. ಹೋಗಿಬರೋದು ತಿಂಗಳಿಗೊಮ್ಮೆ. ಫೈನಲ್‌ನಲ್ಲಿ, ಅಂದ್ರೆ ಇಳಿಯೋ ಮುಂಚಿನ ಕೊನೆಯ ನೇರ ಹಾದಿಯಲ್ಲಿ, ವೇಗ ಗಂಟೆಗೆ 85 ಕಿ.ಮೀ.ಗೆ ಬೀಳುತ್ತೆ, ಗಾಬರಿಯಾಗಿ ಮೂತಿ ತಗ್ಗಿಸಿದರೆ 110 ದಾಟುತ್ತೆ. ಚಕ್ರ ತಾಗೋ ಜಾಗ ಒಂದೊಂದು ಸಲ ಒಂದೊಂದು ಕಡೆ. ಊರಲ್ಲಿದ್ದಾಗ ಏನಾದ್ರೂ ಅಭ್ಯಾಸ ಮಾಡಬಹುದಾ?

ತೇಲುಗಾಳಿ:
ನೀವು ವೇಗಮಾಪಕದ ಮುಳ್ಳಿನ ಹಿಂದೆ ಓಡ್ತಿದ್ದೀರಿ. ಮೂತಿ ಬದಲಾದ ಸ್ವಲ್ಪ ಹೊತ್ತಿನ ಮೇಲೆ ವೇಗ ಬದಲಾಗೋದು. ದಿಗಂತಕ್ಕೂ ಮೂತಿಗೂ ಇರುವ ಅಂತರ ಹಿಡಿದಿಡಿ, ಎರಡು ಮೂರು ಸೆಕೆಂಡ್ ಬಿಟ್ಟು ಮುಳ್ಳು ನೋಡಿ.

ಆ 85 ಬಹುಶಃ ಏರ್‌ಬ್ರೇಕ್ (ಬೇಗ ಕೆಳಗಿಳಿಯೋಕೆ ರೆಕ್ಕೆಯಿಂದ ಏಳುವ ಹಲಗೆ) ತೆರೆದ ಕ್ಷಣದ್ದು. ಬ್ರೇಕ್ ಎಳೆದಾಗ ಜೊತೆಗೇ ಮೂತಿ ತಗ್ಗಿಸದಿದ್ದರೆ ವೇಗ ಬಿದ್ದೇ ಬೀಳುತ್ತೆ.

ವೇಗ ಎಷ್ಟಿರಬೇಕು ಅಂದ್ರೆ, ಮಾಪಕದ ಹಳದಿ ತ್ರಿಕೋನಕ್ಕೆ (ಇಳಿಯುವಾಗ ಇರಬೇಕಾದ ಕನಿಷ್ಠ ವೇಗದ ಗುರುತು) ಎದುರುಗಾಳಿಯ ವೇಗದ ಅರ್ಧ ಸೇರಿಸಿ. ಎರಡು ಸೀಟಿನ ತರಬೇತಿ ಗ್ಲೈಡರ್ ಎಎಸ್‌ಕೆ-21ರಲ್ಲಿ ತ್ರಿಕೋನ 90; ಗಾಳಿ 20 ಇದ್ದರೆ 100. ನೆಲದ ಹತ್ತಿರ ಗಾಳಿ ಸೊರಗುತ್ತೆ, ಆ ಕುಸಿತಕ್ಕೆ ಇದು ಮೀಸಲು.

ನೆಲದ ಮೇಲೆ ಒಂದು ಗುರುತು ಇಟ್ಟುಕೊಳ್ಳಿ. ವೇಗ ಸ್ಥಿರವಾಗಿದ್ದು ಗುರುತು ಗಾಜಿನಲ್ಲಿ ಮೇಲಕ್ಕೆ ಸರಿದರೆ ಅಲ್ಲಿಗೆ ತಲುಪಲ್ಲ, ಬ್ರೇಕ್ ಸ್ವಲ್ಪ ಮುಚ್ಚಿ. ಕೆಳಗೆ ಸರಿದರೆ ಇನ್ನಷ್ಟು ತೆರೆಯಿರಿ. ಮೂತಿ ಎತ್ತಿ ದೂರ ಎಳೆಯೋ ಆಸೆ ಬೇಡ! ಅರ್ಧ ಬ್ರೇಕ್‌ನಲ್ಲೇ ಬರುವಂತೆ ಸರ್ಕ್ಯೂಟ್ (ಇಳಿಯೋ ಮುಂಚೆ ಜಾಗದ ಪಕ್ಕದಿಂದ ಸುತ್ತಿ ಬರುವ ಹಾದಿ) ಹಾಕಿದರೆ ಎರಡೂ ಕಡೆ ತಿದ್ದೋಕೆ ಆಗುತ್ತೆ. ಚಕ್ರ ತಾಗೋದು ಗುರುತಿನ ಮೇಲಲ್ಲ, ಅದರಿಂದ ಮುಂದೆ.

ರಾಗಿಕೂಳೆ (ಚಿಕ್ಕಮಗಳೂರು):
ಊರಲ್ಲಿ ಮಾಡೋಕೆ ಹೊಲ ಆರಿಸೋ ಅಭ್ಯಾಸ ಇದೆ. ಮೇಲೇರೋ ಗಾಳಿ ಸಿಗದೆ ಮೈದಾನ ತಲುಪದಿದ್ದರೆ ಗ್ಲೈಡರನ್ನು ಹೊಲದಲ್ಲೇ ಇಳಿಸಬೇಕಲ್ಲ. ಬೇಲೂರು ರಸ್ತೆಯಲ್ಲಿ ಹೋಗುವಾಗ, ಈಗಲೇ ಇಳಿಯಬೇಕು ಅಂದ್ಕೊಂಡು ಒಂದು ಹೊಲ ಆರಿಸಿ, ಆಮೇಲೆ ಗಾಡಿಯಿಂದ ಇಳಿದು ಅಲ್ಲಿ ನಡೆದು ನೋಡಿ. ಇಳಿಜಾರು ಮೇಲಿಂದ ಕಾಣಲ್ಲ. ಬದುಗಳು ಒತ್ತೊತ್ತಾಗಿದ್ದರೆ ಇಳಿಜಾರು ಅಂತಲೇ ತಿಳೀರಿ. ತಂತಿಯೂ ಕಾಣಲ್ಲ, ಕಂಬ ಹುಡುಕಿ. ಕಾಫಿ ತೋಟ ಲೆಕ್ಕಕ್ಕೇ ಬೇಡ, ಸಿಲ್ವರ್ ಓಕ್ ರೆಕ್ಕೆ ಮುರಿಯುತ್ತೆ.

ಎತ್ತರದ ಲೆಕ್ಕ: ನೆಲದಿಂದ 600 ಮೀಟರ್‌ಗೆ ಇಳಿಯೋ ಪ್ರದೇಶ ಆರಿಸಿ, 450ಕ್ಕೆ ಹೊಲ, 300ಕ್ಕೆ ಸರ್ಕ್ಯೂಟ್ ಶುರು. ಆಮೇಲೆ ಥರ್ಮಲ್ (ಮೇಲೇರುವ ಬಿಸಿ ಗಾಳಿ) ಸಿಕ್ಕರೂ ಮನಸ್ಸು ಬದಲಿಸಬೇಡಿ. ಆಲ್ಟಿಮೀಟರ್ (ಎತ್ತರ ತೋರಿಸೋ ಮಾಪಕ) ನಂಬೋದೂ ಎಚ್ಚರದಿಂದ. ಚಿಕ್ಕಮಗಳೂರು ಹಾಸನಕ್ಕಿಂತ 100 ಮೀಟರ್‌ಗೂ ಹೆಚ್ಚು ಎತ್ತರ. ಹಾಸನದಲ್ಲಿ ಸೊನ್ನೆಗೆ ಇಟ್ಟಿದ್ದರೆ, ಇಲ್ಲಿ 300 ತೋರಿಸುವಾಗ ನಿಮ್ಮ ಕೆಳಗೆ 200ಕ್ಕೂ ಕಡಿಮೆ.

ಹೇಮಾವತಿ_ದಡ:
ಕೊಯ್ಲಾದ ಗದ್ದೆ ನಡೆಯುತ್ತಾ?

ರಾಗಿಕೂಳೆ:
ಬೇಡ. ಮಡಿ ಚಿಕ್ಕದು, ಬದುವಿಗೆ ಚಕ್ರ ಬಡಿಯುತ್ತೆ. ಕೊಯ್ಲಾದ ರಾಗಿ ಹೊಲ ವಾಸಿ, ಮಧ್ಯೆ ಮೆದೆ ಹಾಕಿಲ್ಲ ತಾನೇ ನೋಡ್ಕೊಳ್ಳಿ.

ತೇಲುಗಾಳಿ:
ಇನ್ನೊಂದು. ತಿಂಗಳು ಬಿಟ್ಟು ಹೋದಾಗ ಮೊದಲ ಹಾರಾಟ ಬೋಧಕರ ಜೊತೆಗೇ ಇರಲಿ. ವಿಂಚ್ ಕೇಬಲ್ (ಗ್ಲೈಡರನ್ನು ನೆಲದಿಂದ ಎಳೆದು ಮೇಲೇರಿಸೋ ಹಗ್ಗ) ತುಂಡಾದಂತೆ ಒಮ್ಮೆ ಮಾಡಿಸಿ ಅಂತ ಕೇಳಿ. ಮೊದಲು ಮೂತಿ ಕೆಳಗೆ, ವೇಗ ತ್ರಿಕೋನಕ್ಕೆ ಬರೋವರೆಗೆ ಕಾಯಿರಿ, ಆಮೇಲೆ ಬ್ರೇಕೋ ತಿರುವೋ. ಮೂತಿ ತಗ್ಗಿದ ಕೂಡಲೇ ವೇಗ ಬಂತು ಅಂದ್ಕೊಂಡು ಬ್ರೇಕ್ ಎಳೆಯೋರೇ ಜಾಸ್ತಿ.