ಸೆಪ್ಟಿಕ್ ಶಾಕ್ ಆದವರಿಗೆ ಸ್ಟೀರಾಯ್ಡ್ ಯಾಕೆ?

ಸೊಸೆ_ತುಮಕೂರು:
ನಮ್ಮ ಮಾವನವರಿಗೆ ಮೂತ್ರದ ಇನ್ಫೆಕ್ಷನ್ ರಕ್ತಕ್ಕೆ ಸೇರಿ ಬಿಪಿ ಪೂರ್ತಿ ಬಿದ್ದುಹೋಗಿತ್ತು (ಇದಕ್ಕೇ ಸೆಪ್ಟಿಕ್ ಶಾಕ್ ಅಂತಾರಂತೆ), ಐದು ದಿನ ಐಸಿಯುನಲ್ಲಿದ್ದರು. ಈಗ ಮನೆಗೆ ಬಂದಿದ್ದಾರೆ, ಗಂಜಿ ಬೇಡ ಅಂತ ಗಲಾಟೆ. ಡಿಸ್ಚಾರ್ಜ್ ಚೀಟಿ ನೋಡಿದರೆ ಹೈಡ್ರೋಕಾರ್ಟಿಸೋನ್ 50 ಮಿಗ್ರಾಂ, ಆರು ಗಂಟೆಗೊಮ್ಮೆ ಕೊಟ್ಟಿದ್ದಾರೆ. ಸ್ಟೀರಾಯ್ಡ್ ರೋಗನಿರೋಧಕ ಶಕ್ತಿ ಕುಗ್ಗಿಸುತ್ತೆ ಅಲ್ವಾ? ಕೇಳಿದ್ದಕ್ಕೆ "ಅಡ್ರಿನಲ್‌ಗೆ ಸಪೋರ್ಟ್" ಅಂದರು, ಅಷ್ಟೇ.

ರಾತ್ರಿಪಾಳಿ_ಡಾಕ್ಟರ್:
ಅಡ್ರಿನಲ್ ಅಂದರೆ ಕಿಡ್ನಿ ಮೇಲೆ ಟೋಪಿಯ ಹಾಗೆ ಕೂತಿರುವ ಗ್ರಂಥಿ, ಒಂದೊಂದೂ ನಾಲ್ಕೈದು ಗ್ರಾಂ. ಇ. ಕೋಲೈ ತರಹದ ಬ್ಯಾಕ್ಟೀರಿಯಾ ಒಡೆದಾಗ ಅದರ ಹೊರಪದರದ ಎಂಡೋಟಾಕ್ಸಿನ್ ಅನ್ನೋ ವಿಷ ರಕ್ತಕ್ಕೆ ಬರುತ್ತೆ, ಬಿಳಿ ರಕ್ತಕಣಗಳು ರೇಗಿ ಸೈಟೋಕೈನ್ ಅನ್ನೋ ಉರಿಯೂತ ಎಬ್ಬಿಸುವ ರಾಸಾಯನಿಕ ಸುರಿಸುತ್ತವೆ, ರಕ್ತನಾಳ ಸಡಿಲವಾಗಿ ಬಿಪಿ ಕುಸಿಯುತ್ತೆ. ಆಗ ಗ್ರಂಥಿಯ ಒಳಭಾಗ ಅಡ್ರಿನಲಿನ್ ಬಿಡುತ್ತೆ, ಹೊರಭಾಗ ಕಾರ್ಟಿಸಾಲ್. ಕಾರ್ಟಿಸಾಲ್ ಸೈಟೋಕೈನ್‌ಗೆ ಲಗಾಮು ಹಾಕುತ್ತೆ, ಜೊತೆಗೆ ಅದಿಲ್ಲದಿದ್ದರೆ ರಕ್ತನಾಳಗಳು ಅಡ್ರಿನಲಿನ್ ಮಾತನ್ನೇ ಸರಿಯಾಗಿ ಕೇಳಲ್ಲ. ಬಿಪಿ ಏರಿಸುವ ಔಷಧಿ ಸುರಿದರೂ ಬಿಪಿ ಏರದಿದ್ದಾಗ ನಾವು ಹೈಡ್ರೋಕಾರ್ಟಿಸೋನ್, ಅಂದರೆ ಕಾರ್ಟಿಸಾಲ್‌ನದೇ ಔಷಧಿ ರೂಪ, ಕೊಡುವುದು ಇದಕ್ಕೇ. ಆ್ಯಂಟಿಬಯೋಟಿಕ್ ಬದಲಿಗೆ ಅಲ್ಲ, ಅದರ ಜೊತೆಗೆ.

ಸುಮ್ನೆ_ಕೇಳ್ತೀನಿ:
ಅಂದ್ರೆ ಗ್ರಂಥಿ ಕೈಕೊಟ್ಟಿತ್ತು ಅಂತಾನಾ?

ರಾತ್ರಿಪಾಳಿ_ಡಾಕ್ಟರ್:
ಪೂರ್ತಿ ಕೈಕೊಡುವುದು ಅಪರೂಪ. ಮೆನಿಂಜೊಕಾಕಸ್ (ಮಿದುಳು ಪೊರೆಯ ಜ್ವರ ತರುವ ಬ್ಯಾಕ್ಟೀರಿಯಾ) ಸೋಂಕಿನಲ್ಲಿ ಕೆಲವೊಮ್ಮೆ ಗ್ರಂಥಿಯೊಳಗೇ ರಕ್ತಸ್ರಾವ ಆಗುತ್ತೆ, ಅದು ಭಯಂಕರ. ಉಳಿದವರಲ್ಲಿ ಕಥೆ ಗೋಜಲು. ಕಾರ್ಟಿಸಾಲ್ ಜಾಸ್ತಿ ಇರುವುದು ಗ್ರಂಥಿ ಹೆಚ್ಚು ತಯಾರಿಸಿದ್ದರಿಂದ ಮಾತ್ರವಲ್ಲ, ದೇಹ ಅದನ್ನು ಕರಗಿಸುವುದು ನಿಧಾನವಾಗುವುದರಿಂದಲೂ ಅಂತ 2013ರಲ್ಲಿ ಗೊತ್ತಾಯಿತು. ಹಾಗಾಗಿ "ಸಪೋರ್ಟ್" ಅನ್ನೋ ಮಾತು ಸ್ವಲ್ಪ ಸಡಿಲವೇ. 2018ರಲ್ಲಿ ಸುಮಾರು 3,800 ರೋಗಿಗಳ ಹೈಡ್ರೋಕಾರ್ಟಿಸೋನ್ ಟ್ರಯಲ್‌ನಲ್ಲಿ ಸಾವು ಕಮ್ಮಿಯಾಗಲಿಲ್ಲ, ಶಾಕ್ ಮಾತ್ರ ಬೇಗ ಇಳಿಯಿತು. ಅದೇ ವರ್ಷ ಫ್ರಾನ್ಸ್‌ನ ಟ್ರಯಲ್‌ನಲ್ಲಿ ಇದರ ಜೊತೆ ಫ್ಲೂಡ್ರೋಕಾರ್ಟಿಸೋನ್ ಅನ್ನೋ ಇನ್ನೊಂದು ಸ್ಟೀರಾಯ್ಡ್ ಕೊಟ್ಟಾಗ ಸಾವೂ ಕಮ್ಮಿಯಾಯಿತು. ನಾವು ಇನ್ನೂ ಜಗಳವಾಡುತ್ತಲೇ ಇದ್ದೇವೆ.
ಅಂದಹಾಗೆ, ಅವರು ಮೊದಲೇ ಸ್ಟೀರಾಯ್ಡ್ ತಗೊಳ್ತಿದ್ರಾ?

ಸೊಸೆ_ತುಮಕೂರು:
ಇಲ್ಲ. ಮಂಡಿನೋವಿಗೆ ಯಾರೋ ಕೊಟ್ಟ ಪುಡಿ ಮಾತ್ರ, ಎರಡು ವರ್ಷದಿಂದ. ತಗೊಂಡರೆ ಅರ್ಧ ಗಂಟೆಯಲ್ಲಿ ಹುಷಾರು.

ರಾತ್ರಿಪಾಳಿ_ಡಾಕ್ಟರ್:
ಅಲ್ಲೇ ಅನುಮಾನ. ಅಂಥ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ಹೊರಗಿನಿಂದ ಸಿಗುತ್ತಿದ್ದರೆ ಗ್ರಂಥಿ ನಿದ್ದೆಗೆ ಜಾರುತ್ತೆ, ಕಷ್ಟ ಬಂದಾಗ ಏಳಲ್ಲ. ಆಸ್ಪತ್ರೆಯಲ್ಲಿ ಈ ಪುಡಿ ವಿಷಯ ಹೇಳಿದ್ರಾ?

ಸೊಸೆ_ತುಮಕೂರು:
ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಇವತ್ತೇ ಡಬ್ಬಿ ಎಸೀತೀನಿ.

ರಾತ್ರಿಪಾಳಿ_ಡಾಕ್ಟರ್:
ಬೇಡ ಅಕ್ಕಾ, ಒಮ್ಮೆಲೇ ನಿಲ್ಲಿಸಿದರೆ ಮತ್ತೆ ಬಿಪಿ ಬೀಳಬಹುದು. ಡಬ್ಬಿ ಸಮೇತ ನಾಳೆ ಬೆಳಿಗ್ಗೆಯೇ ಅವರನ್ನು ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿ. ರಾತ್ರಿ ವಾಂತಿ, ವಿಪರೀತ ಸುಸ್ತು ಕಂಡರೆ ನಾಳೆವರೆಗೂ ಕಾಯಬೇಡಿ.